ಆರ್ಥರ್ ಅವಲಾನನಿಗೆ ನಾಲ್ಕು ಕೈ

ನಮ್ಮ ಕರಾವಳಿಯ ಪತ್ರಿಕೆಗಳಲ್ಲಿ ‘ತಂತ್ರ’ ಒಂದೇ ದಿನ ಎರಡು ಪುಟಗಳಲ್ಲಿ ಬರುವುದುಂಟು. ಒಂದು ಕಡೆ ಬ್ರಹ್ಮಕಲಶೋತ್ಸವದ ವರದಿ, ಕ್ಷೇತ್ರದ ತಂತ್ರಿಗಳ ನೇತೃತ್ವದಲ್ಲಿ ಧಾರ್ಮಿಕ ವಿಧಿವಿಧಾನಗಳು ನೆರವೇರಿದವು ಅಂತ. ಇನ್ನೊಂದು ಕಡೆ ಮೂರು ರಸ್ತೆ ಸೇರುವಲ್ಲಿ ನಿಂಬೆಹಣ್ಣು, ಕುಂಕುಮ, ಕುಂಬಳಕಾಯಿ ಸಿಕ್ಕಿದೆ, ಮಾಟ-ಮಂತ್ರ, ತಂತ್ರದ ಶಂಕೆ ಅಂತ. ಮೊದಲನೆಯದನ್ನು ಓದಿ ಕೈ ಮುಗಿಯುವ ಓದುಗರೇ ಎರಡನೆಯದನ್ನು ಓದಿ ಬೆಚ್ಚಿಬೀಳುತ್ತಾರೆ. ಎರಡೂ ಸುದ್ದಿಯನ್ನು ಕಳಿಸಿದವನು ಒಬ್ಬನೇ ಸ್ಟ್ರಿಂಗರ್ ಆಗಿರುತ್ತಾನೆ. ಎರಡರಲ್ಲೂ ಅವನ ಹೆಸರು ಇರುವುದಿಲ್ಲ.

ಆ ಕೊನೆಯ ಮಾತು ಸ್ವಲ್ಪ ನೆನಪಿರಲಿ. ಈ ಬರಹ ತಂತ್ರದ ಬಗ್ಗೆ ಎಷ್ಟೋ ಅಷ್ಟೇ ಹೆಸರಿನ ಬಗ್ಗೆಯೂ ಹೌದು.

ಈಗ ಗೋಕರ್ಣದಿಂದ ಕ್ಯಾಲಿಫೋರ್ನಿಯಾದವರೆಗೆ ತಂತ್ರ ಕಲಿಸುವ ಶಿಬಿರಗಳು ನಡೆಯುತ್ತವೆ. ಮೈಸೂರಿನ ಯೋಗಶಾಲೆಗಳ ಗೋಡೆಯಲ್ಲಿ ಚಕ್ರಗಳ ಪಟ ನೇತಾಡುತ್ತದೆ. ಕುಂಡಲಿನಿ, ಮೂಲಾಧಾರ, ಸಹಸ್ರಾರ ಎಂಬ ಶಬ್ದಗಳು ಬೆಂಗಳೂರಿನ ಕಾರ್ಪೊರೇಟ್ ಕ್ಯಾಂಪಸ್ಸುಗಳಲ್ಲೂ ಓಡಾಡುತ್ತವೆ. ಇವೆಲ್ಲ ಜಗತ್ತಿಗೆ ಹರಡಿದ ದಾರಿಯನ್ನು ಹಿಂದಕ್ಕೆ ಹಿಡಿದುಕೊಂಡು ಹೋದರೆ ಬಹುಮಟ್ಟಿಗೆ ಒಂದೇ ಪುಸ್ತಕಕ್ಕೆ ಹೋಗಿ ನಿಲ್ಲುತ್ತೇವೆ. 1919ರಲ್ಲಿ ಬಂದ ‘ದಿ ಸರ್ಪೆಂಟ್ ಪವರ್’. 1577ರಲ್ಲಿ ಪೂರ್ಣಾನಂದ ಎಂಬ ಬಂಗಾಳದ ಸಾಧಕ ಬರೆದ ‘ಷಟ್ಚಕ್ರನಿರೂಪಣ’, ಅದಲ್ಲದೆ ‘ಪಾದುಕಾಪಂಚಕ’ ಎಂಬ ಬೇರೊಂದು ಕೃತಿ, ಈ ಎರಡು ಸಂಸ್ಕೃತ ಕೃತಿಗಳ ಇಂಗ್ಲಿಷ್ ಅನುವಾದ ಅದರಲ್ಲಿದೆ, ಜೊತೆಗೆ ಉದ್ದನೆಯ ಪೀಠಿಕೆ. 1932ರಲ್ಲಿ ಜ್ಯೂರಿಕ್‌ನಲ್ಲಿ ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ ಕುಂಡಲಿನಿಯ ಮೇಲೆ ಉಪನ್ಯಾಸ ಮಾಡಿದಾಗ ಅವರ ಕೈಯಲ್ಲಿದ್ದದ್ದು ಇದೇ ಪುಸ್ತಕ. (ಕಾಮನಬಿಲ್ಲಿನ ಏಳು ಬಣ್ಣವನ್ನು ಏಳು ಚಕ್ರಕ್ಕೆ ಹಂಚಿದ್ದು ಮಾತ್ರ ಪೂರ್ಣಾನಂದರಲ್ಲ, ಅದು ಆಮೇಲೆ ಪಶ್ಚಿಮದಲ್ಲಿ ಸೇರಿಕೊಂಡದ್ದು. ಮೂಲದಲ್ಲಿ ಬಣ್ಣದ ಲೆಕ್ಕವೇ ಬೇರೆ.)

ಪುಸ್ತಕದ ಮೇಲಿರುವ ಹೆಸರು ಆರ್ಥರ್ ಅವಲಾನ್. ಆ ಹೆಸರಿನ ಮನುಷ್ಯ ಇರಲೇ ಇಲ್ಲ. ಅವಲಾನ್ ಎಂದರೆ ಇಂಗ್ಲೆಂಡಿನ ಕಥೆಗಳಲ್ಲಿ ಗಾಯಗೊಂಡ ಆರ್ಥರ್ ರಾಜನನ್ನು ಕೊಂಡೊಯ್ದ ದ್ವೀಪ. ಈ ಗುಪ್ತನಾಮದ ಹಿಂದೆ ಇದ್ದವರು ಕಲ್ಕತ್ತಾ ಹೈಕೋರ್ಟಿನ ನ್ಯಾಯಮೂರ್ತಿ ಸರ್ ಜಾನ್ ವುಡ್ರೋಫ್ ಎಂದು ಬಹಳ ಬೇಗ ಎಲ್ಲರಿಗೂ ಗೊತ್ತಾಯಿತು. ಮುಂದಿನ ಮುದ್ರಣಗಳಲ್ಲಿ ಆರ್ಥರ್ ಅವಲಾನ್ ಎಂದು ಅಚ್ಚು ಹಾಕಿ ಪಕ್ಕದಲ್ಲಿ ಆವರಣದೊಳಗೆ ಸರ್ ಜಾನ್ ವುಡ್ರೋಫ್ ಎಂದು ಸೇರಿಸಿದರು. ಇವತ್ತು ಪುಸ್ತಕದಂಗಡಿಯಲ್ಲಿ, ಆನ್‌ಲೈನಿನಲ್ಲಿ ಸಿಗುವ ಪ್ರತಿಗಳಲ್ಲೂ ಅದೇ ಇದೆ. ನನ್ನ ತಕರಾರು ಆ ಆವರಣದ ಬಗ್ಗೆ. ಅದರೊಳಗೆ ಇನ್ನೊಂದು ಹೆಸರು ಇರಬೇಕಿತ್ತು.

ಮೊದಲು ವುಡ್ರೋಫ್ ಅವರ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಅವರನ್ನು ಖಳನಾಯಕ ಮಾಡುವ ಆಸೆ ನನಗಿಲ್ಲ. ಹುಟ್ಟಿದ್ದು 1865ರಲ್ಲಿ. ತಂದೆ ಬಂಗಾಳದ ಅಡ್ವೊಕೇಟ್ ಜನರಲ್ ಆಗಿದ್ದವರು. ಆಕ್ಸ್‌ಫರ್ಡ್‌ನಲ್ಲಿ ಕಾನೂನು ಓದಿ 1890ರಲ್ಲಿ ಕಲ್ಕತ್ತಾ ಹೈಕೋರ್ಟಿನಲ್ಲಿ ವಕೀಲಿಕೆ ಶುರು ಮಾಡಿದರು. 1904ರಲ್ಲಿ ನ್ಯಾಯಮೂರ್ತಿಯಾದರು, 1915ರಲ್ಲಿ ಕೆಲಕಾಲ ಹಂಗಾಮಿ ಮುಖ್ಯ ನ್ಯಾಯಮೂರ್ತಿ, 1922ರವರೆಗೆ ಪೀಠದಲ್ಲಿದ್ದರು. ಅಬನೀಂದ್ರನಾಥ ಮತ್ತು ಗಗನೇಂದ್ರನಾಥ ಠಾಕೂರರ ಸ್ನೇಹಿತ, ಭಾರತೀಯ ಚಿತ್ರಕಲೆಗೆ ಬೆಂಬಲವಾಗಿ ನಿಂತವರು. ಕೋನಾರ್ಕದಲ್ಲಿ ಪಂಚೆ ಉಟ್ಟು ನಿಂತಿರುವ ಫೋಟೊ ಒಂದಿದೆ, ಆ ಕಾಲದ ಬ್ರಿಟಿಷ್ ನ್ಯಾಯಾಧೀಶರ ಫೋಟೊಗಳ ಸಾಲಿನಲ್ಲಿ ಅದನ್ನು ಇಟ್ಟರೆ ನಗು ಬರುತ್ತದೆ, ಗೌರವವೂ ಬರುತ್ತದೆ. ವಿಲಿಯಂ ಆರ್ಚರ್ ಎಂಬ ಲಂಡನ್ನಿನ ವಿಮರ್ಶಕ ಭಾರತೀಯರನ್ನು ಅನಾಗರಿಕರ ಹಾಗೆ ಚಿತ್ರಿಸಿ ಬರೆದಾಗ ವುಡ್ರೋಫ್ 1918ರಲ್ಲಿ ‘ಭಾರತ ನಾಗರಿಕವೇ?’ ಎಂಬ ಅರ್ಥದ ಹೆಸರಿನಲ್ಲಿ ಒಂದು ಪುಸ್ತಕವನ್ನೇ ಬರೆದು ಉತ್ತರ ಕೊಟ್ಟರು. ಅರವಿಂದರು ಆ ಚರ್ಚೆಯನ್ನು ಮುಂದುವರಿಸಿದ್ದು ಆಮೇಲೆ.

ತಂತ್ರದ ಮಟ್ಟಿಗೆ ಅವರು ಮಾಡಿದ ಕೆಲಸದ ಬೆಲೆ ತಿಳಿಯಬೇಕಾದರೆ ಆಗಿನ ಪರಿಸ್ಥಿತಿ ನೋಡಬೇಕು. ಮಿಷನರಿಗಳಿಗೆ ತಂತ್ರ ಎಂದರೆ ಹೆಂಡ, ಮಾಂಸ, ವ್ಯಭಿಚಾರ. ಸಂಸ್ಕೃತ ಬಲ್ಲ ಯುರೋಪಿನ ಪಂಡಿತರಲ್ಲಿ ಬಹಳ ಜನಕ್ಕೆ ಅದು ವೇದಗಳ ನಂತರ ಬಂದ ಕೊಳೆ. ಇಂಗ್ಲಿಷ್ ಕಲಿತ ಬಂಗಾಳಿಗಳು ಮನೆಯಲ್ಲಿ ಕಾಳಿಪೂಜೆ ಮಾಡಿಕೊಂಡೇ ಹೊರಗೆ ಆ ಮಾತೆತ್ತಲು ನಾಚುತ್ತಿದ್ದರು. ಅಂಥ ಹೊತ್ತಿನಲ್ಲಿ, 1913ರಲ್ಲಿ, ‘ಮಹಾನಿರ್ವಾಣ ತಂತ್ರ’ದ ಇಂಗ್ಲಿಷ್ ಅನುವಾದ ಅವಲಾನ್ ಹೆಸರಿನಲ್ಲಿ ಬಂತು. ಆಮೇಲೆ ‘ತಂತ್ರತತ್ತ್ವ’, ‘ಶಕ್ತಿ ಅಂಡ್ ಶಾಕ್ತ’, ‘ದಿ ಸರ್ಪೆಂಟ್ ಪವರ್’, ‘ದಿ ಗಾರ್ಲೆಂಡ್ ಆಫ್ ಲೆಟರ್ಸ್’, ಇವುಗಳ ಜೊತೆಗೆ ‘ತಾಂತ್ರಿಕ್ ಟೆಕ್ಸ್ಟ್ಸ್’ ಎಂಬ ಮಾಲೆಯಲ್ಲಿ ಸಂಸ್ಕೃತ ಮೂಲಗಳ ಸಂಪುಟಗಳು. ವಾದ ಮಂಡಿಸುವ ರೀತಿಯೆಲ್ಲ ವಕೀಲರದ್ದೇ. ಎದುರು ಪಕ್ಷದ ಆರೋಪ ಏನು, ಮೂಲಗ್ರಂಥ ಏನು ಹೇಳುತ್ತದೆ, ಯಾವುದು ಕೆಲವರ ದುರಾಚಾರ, ಯಾವುದು ಶಾಸ್ತ್ರ. ಮಹಾನಿರ್ವಾಣದಲ್ಲಿ ಆಸ್ತಿ ಹಂಚಿಕೆಯಂಥ ಕಾನೂನಿನ ಅಧ್ಯಾಯಗಳೂ ಇವೆ, ಅದು ಪ್ರಾಚೀನ ಗ್ರಂಥವೇ ಅಲ್ಲ, ಹದಿನೆಂಟನೇ ಶತಮಾನದ್ದು ಎಂಬ ಅನುಮಾನ ವಿದ್ವಾಂಸರಲ್ಲಿದೆ. ಸಾಕ್ಷ್ಯ ಕಾನೂನಿನ ಮೇಲೆ ಪುಸ್ತಕ ಬರೆದ ನ್ಯಾಯಮೂರ್ತಿಯ ಕೈಗೆ ಮೊದಲು ಸಿಕ್ಕಿದ್ದು ಅಂಥದ್ದೇ ಪುಸ್ತಕ ನೋಡಿ.

ಈಗ ಎರಡನೆಯ ಹೆಸರಿಗೆ ಬರೋಣ. ಅಟಲ್ ಬಿಹಾರಿ ಘೋಷ್. ಇವರೂ ಕಲ್ಕತ್ತಾದವರೇ, ಇವರೂ ಕಾನೂನು ಬಲ್ಲವರೇ, ಆದರೆ ವುಡ್ರೋಫ್ ಅವರಷ್ಟು ಎತ್ತರದ ಕುರ್ಚಿಯಲ್ಲ. ಸಂಸ್ಕೃತ ಚೆನ್ನಾಗಿ ಬಲ್ಲವರು, ಸ್ವತಃ ಸಾಧಕರು. ತಾಂತ್ರಿಕ ಗ್ರಂಥಗಳನ್ನು ಹುಡುಕಿ ಪ್ರಕಟಿಸಲು ಇಬ್ಬರೂ ಕೂಡಿ ‘ಆಗಮಾನುಸಂಧಾನ ಸಮಿತಿ’ ಮಾಡಿಕೊಂಡಿದ್ದರು, ಅದರ ಕೆಲಸವನ್ನು ಹೊತ್ತವರು ಘೋಷ್. ಕ್ಯಾಥ್ಲೀನ್ ಟೇಲರ್ ಎಂಬ ಸಂಶೋಧಕಿ ವುಡ್ರೋಫ್ ಜೀವನದ ಮೇಲೆ 2001ರಲ್ಲಿ ಪುಸ್ತಕ ತಂದರು. ಘೋಷ್ ಅವರ ಮನೆಯವರು ಜೋಪಾನವಾಗಿ ಇಟ್ಟುಕೊಂಡಿದ್ದ ಪತ್ರಗಳನ್ನು ಅವರು ಓದಿದರು. ವುಡ್ರೋಫ್ ಬರೆದ ಪತ್ರಗಳು ಅವು. ಅವುಗಳಿಂದ ತಿಳಿದದ್ದು ಇಷ್ಟು: ವುಡ್ರೋಫ್ ಅವರ ಸಂಸ್ಕೃತ ಆ ಗ್ರಂಥಗಳನ್ನು ತಾವೇ ಅನುವಾದ ಮಾಡುವ ಮಟ್ಟದ್ದಲ್ಲ. ಅರ್ಥಕ್ಕಾಗಿ ಅವರು ಘೋಷ್ ಅವರನ್ನು ಕೇಳುತ್ತಿದ್ದರು. ಮೂಲಪಾಠದ ಪಾಂಡಿತ್ಯ ಘೋಷ್ ಕಡೆಯಿಂದ, ಇಂಗ್ಲಿಷಿನ ನಿರೂಪಣೆ ಮತ್ತು ವಾದ ಬಹುಪಾಲು ವುಡ್ರೋಫ್ ಕಡೆಯಿಂದ. ಅಂದರೆ ಅವಲಾನ್ ಒಬ್ಬರ ಗುಪ್ತನಾಮ ಆಗಿರಲಿಲ್ಲ, ಇಬ್ಬರು ಕೂಡಿ ಇಟ್ಟುಕೊಂಡ ಹೆಸರಾಗಿತ್ತು.

ಇದನ್ನು ಓದಿದವರಿಗೆ ಥಟ್ಟನೆ ಅನಿಸುವುದು: ಸಾಹೇಬ ನಮ್ಮವನ ದುಡಿಮೆ ಕದ್ದ. ಈ ತೀರ್ಪು ಸುಲಭದ್ದು, ಫೇಸ್‌ಬುಕ್ಕಿನಲ್ಲಿ ನೂರಾರು ಶೇರ್ ಆಗುವಂಥದ್ದು. ಆದರೆ ಅದು ನಿಜವಲ್ಲ. ವುಡ್ರೋಫ್ ತಾವು ಗುಪ್ತನಾಮ ಬಳಸಿದ್ದೇಕೆ ಎಂದು ಆಗಲೇ ಹೇಳಿದ್ದರು. ಅವಲಾನ್ ಹೆಸರಿನ ಕೃತಿಗಳಲ್ಲಿ ಬೇರೆಯವರ, ಮುಖ್ಯವಾಗಿ ಒಬ್ಬ ಗೆಳೆಯರ ಶ್ರಮ ಇದೆ, ಹೆಸರು ಹೇಳಲು ಅವರು ಒಪ್ಪುತ್ತಿಲ್ಲ, ಅಷ್ಟೂ ಕೀರ್ತಿ ನನಗೊಬ್ಬನಿಗೇ ಬರುವುದು ಬೇಡ ಎಂಬುದು ಅವರ ಮಾತಿನ ಸಾರ. ತಮ್ಮದೇ ಉಪನ್ಯಾಸ, ಪ್ರಬಂಧಗಳನ್ನು ಮಾತ್ರ ಅವರು ಸ್ವಂತ ಹೆಸರಿನಲ್ಲಿ ಪ್ರಕಟಿಸಿದರು, ‘ಶಕ್ತಿ ಅಂಡ್ ಶಾಕ್ತ’ ಹಾಗೆ ಬಂದದ್ದು. ‘ತಂತ್ರತತ್ತ್ವ’ವನ್ನು ಬಂಗಾಳಿಯಿಂದ ಅನುವಾದಿಸಿದ ಜ್ಞಾನೇಂದ್ರಲಾಲ್ ಮಜುಮ್ದಾರರ ಹೆಸರನ್ನೂ ಮುಚ್ಚಿಡಲಿಲ್ಲ. ಒಬ್ಬ ವಸಾಹತು ಅಧಿಕಾರಿಯಿಂದ ಇದಕ್ಕಿಂತ ಹೆಚ್ಚಿನ ಪ್ರಾಮಾಣಿಕತೆ ನಾವು ನಿರೀಕ್ಷಿಸುವುದು ಕಷ್ಟ.

ಹಾಗಾದರೆ ಘೋಷ್ ಯಾಕೆ ಬೇಡ ಅಂದರು? ಶಾಕ್ತರಲ್ಲಿ ಸಾಧನೆಯನ್ನು ಗುಟ್ಟಾಗಿ ಇಡುವುದು ಪದ್ಧತಿ, ಅದು ಕಾರಣ ಇರಬಹುದು. ಭದ್ರಲೋಕದ ಕಲ್ಕತ್ತಾದಲ್ಲಿ ತಾಂತ್ರಿಕ ಎನ್ನಿಸಿಕೊಂಡು ಕೋರ್ಟಿಗೆ ಹೋಗುವ ಮುಜುಗರ ಇರಬಹುದು. ನ್ಯಾಯಮೂರ್ತಿಗೆ ಅದೇ ಹೆಸರು ‘ವಿಚಿತ್ರ ಸ್ವಭಾವದ ಸಾಹೇಬ’ ಎಂಬ ಗುಸುಗುಸುವಿಗೆ ಮುಗಿಯುತ್ತದೆ, ವಕೀಲನಿಗೆ ಅಷ್ಟಕ್ಕೇ ಮುಗಿಯುವುದಿಲ್ಲ. ಅಥವಾ ನಿಜಕ್ಕೂ ಹೆಸರಿನ ಆಸೆ ಇಲ್ಲದ ಮನುಷ್ಯ ಆಗಿರಬಹುದು. ನಾನು ಹೇಳುವುದು ಇಷ್ಟೇ: ಒಬ್ಬ ‘ನನ್ನ ಹೆಸರು ಬೇಡ’ ಅಂದಾಗ ಆ ಮಾತಿನ ಹಿಂದೆ ಏನಿದೆ ಎಂದು ಕೇಳುವ ಅಭ್ಯಾಸ ನಮಗಿರಬೇಕು. ನಮ್ಮ ವೃತ್ತಿಯಲ್ಲಿ ಈ ಮಾತು ದಿನಾ ಕೇಳುತ್ತೇವೆ. ಮರಳು ಗಣಿಗಾರಿಕೆಯ ಸುದ್ದಿ ಕೊಡುವ ಹೋಬಳಿಯ ವರದಿಗಾರ ‘ಸಾರ್, ನನ್ನ ಹೆಸರು ಹಾಕಬೇಡಿ, ನಾನು ಇಲ್ಲೇ ಬದುಕಬೇಕು’ ಅನ್ನುತ್ತಾನೆ. ಅದು ರಕ್ಷಣೆ. ಅದೇ ವರದಿಗಾರ ಒಂದು ವಾರ ಅಲೆದು ತಂದ ಮಾನವಾಸಕ್ತಿಯ ಕಥೆಗೆ ಜಿಲ್ಲಾ ಕೇಂದ್ರದಲ್ಲಿ ಕೂತವರ ಬೈಲೈನ್ ಬಿದ್ದರೆ ಅದು ಬೇರೆ. ಎರಡೂ ಸಂದರ್ಭದಲ್ಲಿ ಪುಟದ ಮೇಲೆ ಕಾಣುವುದು ಒಂದೇ, ಅವನ ಹೆಸರಿಲ್ಲ. ವರ್ಷಗಳು ಕಳೆದ ಮೇಲೆ ಯಾವುದು ಯಾವುದೆಂದು ಯಾರಿಗೂ ತಿಳಿಯುವುದಿಲ್ಲ.

ಅವಲಾನ್ ವಿಷಯದಲ್ಲಿ ಆದದ್ದು ಇದೇ. ಬದುಕಿದ್ದಾಗ ಹೆಸರು ಬೇಡ ಎಂದದ್ದು ಘೋಷ್ ಇಷ್ಟ, ಸರಿ. ಆದರೆ ಗುಪ್ತನಾಮದ ಪರದೆ ಸರಿದಾಗ ಪರದೆಯ ಹಿಂದೆ ಒಬ್ಬರನ್ನು ಮಾತ್ರ ಕಂಡವರು ಪ್ರಕಾಶಕರು, ಓದುಗರು. ವುಡ್ರೋಫ್ ಮತ್ತು ಘೋಷ್ ಇಬ್ಬರೂ ತೀರಿಕೊಂಡದ್ದು 1936ರಲ್ಲಿ. ಆಮೇಲೆ ಯಾರ ಒಪ್ಪಿಗೆಯ ಪ್ರಶ್ನೆಯೂ ಇರಲಿಲ್ಲ. ಆದರೂ ದಶಕಗಳ ಕಾಲ ಮುದ್ರಣದ ಮೇಲೆ ಮುದ್ರಣ ಅದೇ ಆವರಣ, ಅದರೊಳಗೆ ಅದೇ ಒಬ್ಬರ ಹೆಸರು. ಯಾಕೆಂದರೆ ಮಾರಾಟಕ್ಕೆ ಬೇಕಾದದ್ದು ಅದು. ಬ್ರಿಟಿಷ್ ಜಡ್ಜ್ ತಂತ್ರಕ್ಕೆ ಮಾರುಹೋದ ಅನ್ನುವುದು ಒಳ್ಳೆ ಕಥೆ. ಬಂಗಾಳಿ ಸಾಧಕ ತನ್ನ ಶಾಸ್ತ್ರವನ್ನು ತಾನು ಅರ್ಥ ಮಾಡಿಸಿದ ಅನ್ನುವುದು ಸುದ್ದಿಯೇ ಅಲ್ಲ. ನಮ್ಮವರೂ ಇದಕ್ಕೆ ಹೊರತಲ್ಲ. ನಮ್ಮ ಶಾಸ್ತ್ರ ದೊಡ್ಡದು ಎಂದು ಸಾಬೀತು ಮಾಡಲು ಇವತ್ತಿಗೂ ಭಾಷಣಕಾರರು ‘ಹೈಕೋರ್ಟಿನ ಇಂಗ್ಲಿಷ್ ನ್ಯಾಯಾಧೀಶರೇ ಒಪ್ಪಿದ್ದಾರೆ’ ಅನ್ನುತ್ತಾರೆ. ಹೇಳಿಕೊಟ್ಟವನು ಯಾರು ಎಂದು ಅವರೂ ಕೇಳಿಲ್ಲ.

ಇಲ್ಲೊಂದು ಹೋಲಿಕೆ ಇದೆ, ಕಾನೂನು ಓದಿದ ಗೆಳೆಯರಿಗೆ ತಕ್ಷಣ ಹೊಳೆಯುತ್ತದೆ. ವಕೀಲರ ಕಚೇರಿಯ ಕಪಾಟಿನಲ್ಲಿ ‘ವುಡ್ರೋಫ್ ಅಂಡ್ ಅಮೀರ್ ಅಲಿ’ ಎಂಬ ದಪ್ಪನೆಯ ಸಂಪುಟಗಳನ್ನು ನೋಡಿರುತ್ತೀರಿ. ಸಾಕ್ಷ್ಯ ಕಾನೂನಿನ ಮೇಲಿನ ಪ್ರಮಾಣಗ್ರಂಥ, ನೂರು ವರ್ಷಕ್ಕೂ ಮೇಲೆ ಪರಿಷ್ಕರಣೆಯಾಗುತ್ತಾ ಬಂದದ್ದು. 1872ರ ಸಾಕ್ಷ್ಯ ಅಧಿನಿಯಮದ ಜಾಗಕ್ಕೆ 2024ರ ಜುಲೈನಲ್ಲಿ ಹೊಸ ಕಾಯ್ದೆ ಬಂದರೂ ಕೋರ್ಟಿನಲ್ಲಿ ಆ ಪುಸ್ತಕದ ಹೆಸರು ಕೇಳುವುದು ನಿಂತಿಲ್ಲ. ಅದು ಇದೇ ವುಡ್ರೋಫ್. ಜೊತೆಗಾರ ಸೈಯದ್ ಅಮೀರ್ ಅಲಿ, ಅವರೂ ಕಲ್ಕತ್ತಾ ಹೈಕೋರ್ಟಿನ ನ್ಯಾಯಮೂರ್ತಿ. ಅಲ್ಲಿ ಇಬ್ಬರ ಹೆಸರೂ ಇದೆ, ಪುಸ್ತಕದ ಬೆನ್ನಿನ ಮೇಲೆ ಸಮವಾಗಿ. ಒಬ್ಬನೇ ಲೇಖಕ, ಎರಡು ಜಂಟಿ ಕೆಲಸ. ಕಾನೂನಿನ ಪುಸ್ತಕದಲ್ಲಿ ಭಾರತೀಯ ಜೊತೆಗಾರನ ಹೆಸರು ಉಳಿಯಿತು, ತಂತ್ರದ ಪುಸ್ತಕದಲ್ಲಿ ಉಳಿಯಲಿಲ್ಲ. ಕುರ್ಚಿಯ ಎತ್ತರವೂ ಇದಕ್ಕೊಂದು ಕಾರಣ ಅಂತ ನನಗನ್ನಿಸುತ್ತದೆ.

ಕಥೆಯಲ್ಲಿ ಮೂರನೆಯವರೊಬ್ಬರಿದ್ದಾರೆ. ಗ್ರಾಮೀಣ ಪತ್ರಿಕೋದ್ಯಮ ಓದಿದ ನಾವು ಅವರ ಊರನ್ನಾದರೂ ತಿಳಿದಿರಬೇಕು. ‘ತಂತ್ರತತ್ತ್ವ’ ಬರೆದ ಶಿವಚಂದ್ರ ವಿದ್ಯಾರ್ಣವರು. ವುಡ್ರೋಫ್ ಇವರಿಂದ ದೀಕ್ಷೆ ಪಡೆದರು ಎನ್ನುತ್ತಾರೆ. ಅನುವಾದದ ಕೆಲಸಕ್ಕೆ ಘೋಷ್ ಆದರೆ ಶ್ರದ್ಧೆಯ ಕಡೆಯಿಂದ ಇವರು. ಅವರ ಊರು ಕುಮಾರಖಾಲಿ, ಆಗಿನ ನದಿಯಾ ಜಿಲ್ಲೆ, ಈಗ ಬಾಂಗ್ಲಾದೇಶದ ಕುಷ್ಟಿಯಾಕ್ಕೆ ಸೇರಿದೆ. ಲಾಲನ್ ಫಕೀರರ ಸೀಮೆ.

ಅದೇ ಕುಮಾರಖಾಲಿಯಲ್ಲಿ 1863ರಲ್ಲಿ ಹರಿನಾಥ ಮಜುಮ್ದಾರ್ ಎಂಬ ಬಡ ಶಾಲಾ ಮೇಷ್ಟ್ರು ‘ಗ್ರಾಮವಾರ್ತಾ ಪ್ರಕಾಶಿಕಾ’ ಎಂಬ ಪತ್ರಿಕೆ ಶುರು ಮಾಡಿದ್ದರು. ಹೆಸರೇ ಹೇಳುತ್ತದೆ, ಹಳ್ಳಿಯ ಸುದ್ದಿಯನ್ನು ಬೆಳಕಿಗೆ ತರುವುದು. ಜನ ಅವರನ್ನು ಕಾಂಗಾಲ್ ಹರಿನಾಥ್ ಎಂದೇ ಕರೆದರು, ಕಾಂಗಾಲ್ ಎಂದರೆ ದರಿದ್ರ. ನೀಲಿ ಬೆಳೆಸುವ ಬಿಳಿಯರ ಕ್ರೌರ್ಯ, ಜಮೀನುದಾರರ ದಬ್ಬಾಳಿಕೆ, ಪೊಲೀಸರ ಲಂಚ ಎಲ್ಲವನ್ನೂ ಬರೆದರು. ಆ ಸುತ್ತಿನ ದೊಡ್ಡ ಜಮೀನುದಾರರು ಜೋಡಾಸಾಂಕೋದ ಠಾಕೂರ ಮನೆತನದವರು, ಅವರನ್ನೂ ಬಿಡಲಿಲ್ಲ. ಜಮೀನುದಾರರ ಲಾಠಿಯವರು ಹರಿನಾಥರ ಮೇಲೆ ಬಂದಾಗ ಲಾಲನ್ ಶಿಷ್ಯರು ಅಡ್ಡ ನಿಂತರು ಎಂಬ ಕಥೆ ಆ ಕಡೆ ಇದೆ. ಪತ್ರಿಕೆ ನಡೆಸಿ ಸಾಲ ಮಾಡಿಕೊಂಡರು. ‘ಫಿಕಿರ್ ಚಾಂದ್’ ಎಂಬ ಅಂಕಿತದಲ್ಲಿ ಬಾವುಲ್ ಹಾಡು ಕಟ್ಟಿದರು. ಅಲ್ಲೂ ಗುಪ್ತನಾಮವೇ, ಆದರೆ ಹಾಡಿನ ಹಿಂದಿನ ಮನುಷ್ಯ ಯಾರೆಂದು ಬಂಗಾಳ ಮರೆಯಲಿಲ್ಲ. ನಮ್ಮ ತರಗತಿಗಳಲ್ಲಿ ಭಾರತದ ಪತ್ರಿಕೋದ್ಯಮದ ಇತಿಹಾಸ ಎಂದರೆ ಹಿಕ್ಕಿ, ರಾಮಮೋಹನ ರಾಯ್, ಮೋಗ್ಲಿಂಗ್, ತಿಲಕ್ ಎಂದು ಮುಂದೆ ಓಡಿಬಿಡುತ್ತದೆ. ಪದವಿಯ ಹೆಸರಿನಲ್ಲೇ ಗ್ರಾಮೀಣ ಎಂದು ಇಟ್ಟುಕೊಂಡ ನಮಗೆ ಹರಿನಾಥರ ಒಂದು ಸಾಲೂ ಬರಲಿಲ್ಲ ಎನ್ನುವುದು ನನ್ನ ಹಳೆಯ ಸಿಟ್ಟು, ಸಿಕ್ಕ ಜಾಗದಲ್ಲಿ ಹೇಳಿಬಿಟ್ಟೆ.

ಕುಮಾರಖಾಲಿಯನ್ನು ಎಳೆದು ತಂದದ್ದಕ್ಕೆ ಕಾರಣ ಇದೆ. ಆಧುನಿಕ ತಂತ್ರದ ಚರಿತ್ರೆಯನ್ನು ಲಂಡನ್, ಜ್ಯೂರಿಕ್, ಕ್ಯಾಲಿಫೋರ್ನಿಯಾ ಎಂದು ಬರೆಯುತ್ತಾರೆ. ಅದರ ಒಂದು ಬೇರು ಗ್ರಾಮೀಣ ಬಂಗಾಳದ ಪುಟ್ಟ ಪೇಟೆಯಲ್ಲಿ, ಬಂಗಾಳಿ ಭಾಷೆಯಲ್ಲಿ ಬರೆದುಕೊಂಡು ಕೂತಿದ್ದ ಒಬ್ಬ ಪಂಡಿತರ ಮನೆಯಲ್ಲಿತ್ತು. ಇನ್ನೊಂದು ಬೇರು ನ್ಯಾಯಮೂರ್ತಿಯ ಪ್ರಶ್ನೆಗಳಿಗೆ ತಾಳ್ಮೆಯಿಂದ ಅರ್ಥ ಬರೆದು ಕಳಿಸುತ್ತಿದ್ದ ಘೋಷ್ ಅವರ ಮೇಜಿನ ಮೇಲಿತ್ತು. ಹಾಗೆಂದು ವುಡ್ರೋಫ್ ಇಲ್ಲದಿದ್ದರೂ ನಡೆಯುತ್ತಿತ್ತು ಅನ್ನುವುದಿಲ್ಲ. ಹೈಕೋರ್ಟ್ ನ್ಯಾಯಮೂರ್ತಿಯ ಕುರ್ಚಿ ಇಲ್ಲದಿದ್ದರೆ ಲಂಡನ್ನಿನಲ್ಲಿ ಆ ಪುಸ್ತಕವನ್ನು ಯಾರೂ ಗಂಭೀರವಾಗಿ ಓದುತ್ತಿರಲಿಲ್ಲ. ಜಂಟಿ ಕೆಲಸ ಎಂದರೆ ಇದೇ ತಾನೆ. ಒಬ್ಬರ ಬಳಿ ಇಲ್ಲದ್ದು ಇನ್ನೊಬ್ಬರ ಬಳಿ ಇರುತ್ತದೆ.

ನಮ್ಮ ಕಡೆಯ ಮಾತಿಗೆ ಬಂದರೆ, ನೇಮ, ನಾಗಮಂಡಲ ಚಿತ್ರೀಕರಿಸಲು ಹೊರದೇಶದಿಂದ, ದೆಹಲಿ ಮುಂಬೈಯಿಂದ ತಂಡಗಳು ಬರುತ್ತವೆ. ಅವರಿಗೆ ಊರು ತೋರಿಸುವುದು, ಗುತ್ತಿನ ಮನೆಯವರ ಹತ್ತಿರ ಮಾತಾಡಿ ಅನುಮತಿ ತೆಗೆಸುವುದು, ಪಾಡ್ದನದ ತುಳುವನ್ನು ಇಂಗ್ಲಿಷಿಗೆ ಬಿಡಿಸಿ ಹೇಳುವುದು ಎಲ್ಲ ನಮ್ಮಂಥ ಹುಡುಗ ಹುಡುಗಿಯರೇ. ನನ್ನ ಸಹಪಾಠಿಯೊಬ್ಬಳು ಹಾಗೆ ಮೂರು ರಾತ್ರಿ ನಿದ್ದೆಗೆಟ್ಟು ಪಾಡ್ದನ ಅನುವಾದಿಸಿ ಕೊಟ್ಟಳು. ಚಿತ್ರದ ಕೊನೆಯಲ್ಲಿ ಬಂದದ್ದು ಊರವರಿಗೆ ಧನ್ಯವಾದ ಎಂಬ ಒಂದು ಸಾಲು. ಅವಳು ದುಡ್ಡು ಪಡೆದಿದ್ದಾಳೆ, ಜಗಳವಾಡಲಿಲ್ಲ. ಆದರೆ ನಾಳೆ ಆ ಪಾಡ್ದನದ ಇಂಗ್ಲಿಷ್ ಪಾಠವನ್ನು ಯಾವುದೋ ವಿಶ್ವವಿದ್ಯಾಲಯದಲ್ಲಿ ಉಲ್ಲೇಖಿಸುವಾಗ ನಿರ್ದೇಶಕನ ಹೆಸರೇ ಬರುತ್ತದೆ. ಅರ್ಥ ತಪ್ಪಿದ್ದರೆ ಯಾರನ್ನು ಕೇಳಬೇಕು ಎಂಬುದೂ ಗೊತ್ತಾಗುವುದಿಲ್ಲ. ಹೆಸರು ಬರೀ ಕೀರ್ತಿಯ ವಿಷಯವಲ್ಲ ಎನ್ನುವುದು ಅದಕ್ಕೇ. ಷಟ್ಚಕ್ರನಿರೂಪಣದ ಒಂದು ಶ್ಲೋಕಕ್ಕೆ ಅವಲಾನ್ ಹೀಗೇಕೆ ಅರ್ಥ ಹೇಳಿದ ಎಂದು ಸಂಶಯ ಬಂದರೆ ಅದು ಸಾಹೇಬನ ಊಹೆಯೋ, ಪರಂಪರೆಯೊಳಗಿನ ಸಾಧಕನ ತಿಳಿವಳಿಕೆಯೋ ಎಂಬುದು ಓದುಗನಿಗೆ ಬೇಕಾದ ಮಾಹಿತಿ. ಅದನ್ನು ಮುಚ್ಚಿದಾಗ ಓದುಗನಿಗೂ ನಷ್ಟ.

ಆದ್ದರಿಂದ ಕೇಳಿಕೊಳ್ಳುವುದು ದೊಡ್ಡದೇನಲ್ಲ. ಸ್ಟ್ರಿಂಗರ್ ಹೆಸರನ್ನು ವರದಿಯ ಕೊನೆಯಲ್ಲಾದರೂ ಹಾಕಿ, ಅವನು ಬೇಡ ಎಂದರೆ ಯಾಕೆ ಎಂದು ಒಮ್ಮೆ ಕೇಳಿ. ಈ ಬ್ಲಾಗಿನಲ್ಲೂ ತುಳು, ಕೊಂಕಣಿ, ಬ್ಯಾರಿಯಿಂದ ಯಾರಾದರೂ ಮಾತು ಅನುವಾದಿಸಿ ಕೊಟ್ಟಿದ್ದರೆ ಅವರ ಒಪ್ಪಿಗೆ ಪಡೆದು ಹೆಸರು ಬರೆಯೋಣ. ಇನ್ನು ಯೋಗ ದಿನಾಚರಣೆ ಬಂದಾಗ ಪುರವಣಿಗಳಲ್ಲಿ ಕುಂಡಲಿನಿ, ಚಕ್ರ ಎಂದು ಲೇಖನಗಳು ಬರುತ್ತವೆ, ಅವಲಾನ್ ಹೆಸರೂ ಆವರಣದೊಳಗಿನ ವುಡ್ರೋಫ್ ಹೆಸರೂ ಬರುತ್ತವೆ. ಆ ಆವರಣದೊಳಗೆ ಘೋಷ್ ಅವರನ್ನೂ ಸೇರಿಸಿ. ಜಾಗ ಇಲ್ಲ ಎನ್ನುವ ಡೆಸ್ಕಿನವರಿಗೆ: ಅಟಲ್ ಬಿಹಾರಿ ಘೋಷ್, ಮೂರೇ ಪದ, ಒಂದು ಕಾಲಂನಲ್ಲಿ ಅರ್ಧ ಸಾಲೂ ಹಿಡಿಯುವುದಿಲ್ಲ.